ಹೆಸರು ಬದಲಿಸಲಾಗಿದೆ

ನಿಮ್ಮನ್ನು ಒಂದೇ ವಾಕ್ಯದಲ್ಲಿ ಪರಿಚಯಿಸಿಕೊಳ್ಳಿ ಎಂದು ಲೇಖಕರಿಗಾಗಿ ಇದ್ದ ಆ ಜಾಲತಾಣದ ಪುಟ ಕೇಳುತ್ತಿತ್ತು. ತಿಂಡಿ ಮುಗಿದಾಗಿನಿಂದ ಅವಳು ಅದರ ಮುಂದೆ ಕೂತಿದ್ದಳು. ‘ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆ’ ಎಂದು ಬರೆದು ಅಳಿಸಿದಳು. ಓದಿದವರಿಗೆ ಮೊದಲು ಕಾಣುವುದು ಕೆಲಸ ಹೋಗಿದೆ ಎಂಬುದೇ. ‘ವಿಜ್ಞಾನ ಲೇಖಕಿ’ ಎಂದು ಬರೆದು ಅದನ್ನೂ ಅಳಿಸಿದಳು; ಅದು ಇನ್ನೂ ನಿಜವಾಗಿರಲಿಲ್ಲ. ಪ್ರಯೋಗಾಲಯ ಮುಚ್ಚುವವರೆಗೆ ಅವಳು ಅಲ್ಲಿ ಕಲಿತದ್ದು ಮುಖ್ಯವಾಗಿ ಒಂದನ್ನೇ. ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ.

“ಇನ್ನೂ ಮೊದಲನೇ ಸಾಲಲ್ಲೇ ಇದ್ದೀಯಾ ಅಕ್ಕ?” ಬೆಳಗಿನ ಟ್ರಿಪ್ ಮುಗಿಸಿ ಬಂದ ತಮ್ಮ ಹಿಂದಿನಿಂದ ಬಗ್ಗಿ ನೋಡಿದ. “ನಾನು ಅಷ್ಟರಲ್ಲಿ ಒಂದು ವ್ಯಾನ್ ಮಕ್ಕಳನ್ನ ಸ್ಕೂಲಿಗೆ ಸುರಿದು ಬಂದೆ.”

“ನಿನ್ನ ಮಕ್ಕಳು ತಾವೇ ಇಳಿದು ಓಡ್ತವೆ. ನನ್ನ ವಾಕ್ಯ ಇಳೀತಾನೇ ಇಲ್ಲ.”

“‘ಕುಡಿಯೋ ಮುಂಚೆ ನನ್ನನ್ನ ಕೇಳಿ’ ಅಂತ ಬರಿ.”

“ಹಾಗೆ ಬರೆದ್ರೆ ಬಾರಿನೋರು ಫೋನ್ ಮಾಡ್ತಾರೆ,” ಎಂದು ಅಡುಗೆಮನೆಯಿಂದ ಅಮ್ಮನ ದನಿ ಬಂತು.

ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆ ಅದು. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ನೆಲ ಸಣ್ಣಗೆ ನಡುಗುತ್ತಿತ್ತು. ಕಿಟಕಿಯ ಪಕ್ಕದ ಗೋಡೆಗೆ ಹಲಗೆ ಬಡಿದು ಅವಳಿಗೆ ಮೇಜು ಮಾಡಿಕೊಟ್ಟವನು ತಮ್ಮ. ಶಾಲೆಯವರು ಎಸೆದಿದ್ದ ಕುರ್ಚಿಯೊಂದನ್ನು ವ್ಯಾನಿನ ಮೇಲೆ ಕಟ್ಟಿ ತಂದವನೂ ಅವನೇ. ಅದರ ಒಂದು ಕಾಲು ಗಿಡ್ಡವಿತ್ತು. ಹಳೆಯ ಟೈರಿನ ತುಂಡು ಕತ್ತರಿಸಿ ಅಂಟಿಸಿದ್ದ. ‘ಲೇಖಕರ ಕುರ್ಚಿ ಅಲ್ಲಾಡಬಾರದು’ ಎಂದು ಅದರ ಮೇಲೆ ತಾನೇ ಮೊದಲು ಕೂತು ಪರೀಕ್ಷೆ ಮಾಡಿದ್ದ.

ಅವನು ಹೀಗೆ ವ್ಯಾನು ಓಡಿಸುತ್ತ, ನಗುತ್ತ, ಕುರ್ಚಿ ಹೊತ್ತು ತರುತ್ತ ಇರುವುದು ಆ ಮನೆಯವರಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಹಿಂದೊಮ್ಮೆ ಅವನು ಅಂಗಡಿಗಳಿಗೆ ಸಾಮಾನು ತಲುಪಿಸುವ ಗಾಡಿ ಓಡಿಸುತ್ತಿದ್ದ. ಒಂದು ದಿನ ರಸ್ತೆಯ ಉಬ್ಬಿನ ಮೇಲೆ ಗಾಡಿ ಹಾರಿದಾಗ ಅವನಿಗೆ ಯಾರ ಮೇಲೋ ಹರಿಸಿದೆ ಅನಿಸಿತು. ಇಳಿದು ನೋಡಿದ, ಯಾರೂ ಇರಲಿಲ್ಲ. ಮುಂದೆ ಹೋದ. ಸರಿಯಾಗಿ ನೋಡಿದೆನೋ ಇಲ್ಲವೋ ಅನಿಸಿ ತಿರುಗಿ ಬಂದು ಮತ್ತೆ ನೋಡಿದ. ಆಮೇಲೆ ಅದೇ ಅವನ ಕೆಲಸವಾಯಿತು. ಪ್ರತಿ ಉಬ್ಬಿನಲ್ಲೂ, ಪ್ರತಿ ಗುಂಡಿಯಲ್ಲೂ ಯಾರೋ ಬಿದ್ದಿರುತ್ತಿದ್ದರು. ಹಿಂದಿರುಗಿ ಹೋದರೆ ರಸ್ತೆ ಖಾಲಿ. ಸಂಜೆ ಮನೆಗೆ ಬಂದು ಅಮ್ಮನನ್ನು ಕೇಳುತ್ತಿದ್ದ: “ಏನೂ ಆಗಿಲ್ಲ ಅಲ್ವಾ?” ಅಮ್ಮ “ಏನೂ ಆಗಿಲ್ಲ ಮಗ” ಅನ್ನುತ್ತಿದ್ದಳು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಸಮಾಧಾನ, ಆಮೇಲೆ ಮತ್ತೆ ಅದೇ ಪ್ರಶ್ನೆ. ಕೊನೆಗೆ ಕೆಲಸ ಬಿಟ್ಟು ಕೋಣೆ ಸೇರಿದ. ಗಾಡಿ ಮುಟ್ಟದಿದ್ದರೂ ಪ್ರಶ್ನೆ ಅವನನ್ನು ಬಿಡಲಿಲ್ಲ.

ಇದು ಗೀಳು ರೋಗ ಎಂದು ಹೆಸರಿಟ್ಟ ವೈದ್ಯರು ಅವನಿಗೆ ಮಾತ್ರೆ ಕೊಟ್ಟರು, ಮನೆಯವರಿಗೆ ಒಂದು ನಿಯಮ ಕೊಟ್ಟರು. ಆ ಪ್ರಶ್ನೆಗೆ ಉತ್ತರ ಕೊಡಬೇಡಿ. ‘ಏನೂ ಆಗಿಲ್ಲ’ ಅಂತ ನೀವು ಹೇಳೋ ಒಂದೊಂದು ಮಾತೂ ಆ ಗೀಳಿಗೆ ತುತ್ತು ಇಟ್ಟ ಹಾಗೆ. ಅವನು ಸಂಶಯದ ಜೊತೆಗೇ ಇರೋದು ಕಲೀಬೇಕು. ಅಮ್ಮನಿಗೆ ಅದು ಮಗನ ತಟ್ಟೆ ಕಿತ್ತುಕೊಂಡಷ್ಟು ಕಷ್ಟವಾಯಿತು. ಅವನು ಕೇಳಿದಾಗಲೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಒಂದು ದಿನ ಈರುಳ್ಳಿ ಹೆಚ್ಚುತ್ತಿದ್ದಾಗ ಅವನು ಬಂದು ನಿಂತು ಮತ್ತೆ ಅದನ್ನೇ ಕೇಳಿದ. ಅವಳ ಕಣ್ಣು ಉರಿಯುತ್ತಿತ್ತು, ತಾಳ್ಮೆ ಮುಗಿದಿತ್ತು.

“ನನ್ನನ್ನೇನೋ ಕೇಳ್ತೀಯಾ? ನಾನೇನು ಟ್ರಾಫಿಕ್ ಪೊಲೀಸಾ?”

ಅವನು ನಕ್ಕುಬಿಟ್ಟ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು. ಅಂದಿನಿಂದ ಅದೇ ಮನೆಯ ಉತ್ತರವಾಯಿತು. ಅವನು ಕೇಳಿದರೆ ಅಕ್ಕನೂ ಅದನ್ನೇ ಹೇಳುವಳು. ಉತ್ತರ ಕೊಟ್ಟ ಹಾಗೂ ಆಯಿತು, ಕೊಡದ ಹಾಗೂ ಆಯಿತು. ವೈದ್ಯರು ಕೂಡ ಮೆಚ್ಚಿಕೊಂಡು, ನನ್ನ ಮಾತ್ರೆಗಿಂತ ಇದು ಬಲವಾಗಿದೆ ಅಂದರು. ನಿಧಾನವಾಗಿ ಪ್ರಶ್ನೆ ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಮತ್ತೆ ಗಾಡಿ ಓಡಿಸಬಹುದೇ ಎಂದು ಅಕ್ಕನೇ ವೈದ್ಯರನ್ನು ಕೇಳಿದ್ದಳು. “ಧಾರಾಳವಾಗಿ. ಇಂಥವರು ಯಾರಿಗೂ ಗುದ್ದೋದಿಲ್ಲ ಅಮ್ಮ. ಅಪಾಯ ಇರೋದು ರಸ್ತೇಲಿ ಹೋಗೋರಿಗಲ್ಲ, ಇವರಿಗೇ,” ಎಂದಿದ್ದರು. ವ್ಯಾನಿನ ಮಾಲೀಕರು ಹಳೆಯದನ್ನು ಕೆದಕಲಿಲ್ಲ, ಇವರೂ ಹೇಳಲಿಲ್ಲ. ಮಗು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೆ ವ್ಯಾನು ಕದಲಿಸದ ಡ್ರೈವರ್ ಎಂದು ತಾಯಂದಿರ ನಡುವೆ ಅವನಿಗೆ ಹೆಸರು ಬಂತು.

ಅವಳ ಬರವಣಿಗೆ ಮಾತ್ರ ಕದಲಲಿಲ್ಲ. ನೀರಿನ ಗಡಸುತನದ ಮೇಲೆ ಒಂದು ಲೇಖನ, ಕಾಯಿಸಿ ಆರಿಸಿದ ನೀರಿನ ಮೇಲೆ ಇನ್ನೊಂದು. ಮಾದರಿಗೆಂದು ಕಳಿಸಿದವನ್ನು ಯಾರೋ ಓದದೆ ಬಿಟ್ಟರು, ಯಾರೋ ಓದಿ ‘ಪಾಠದ ಹಾಗಿದೆ’ ಎಂದರು, ಒಬ್ಬರು ಉತ್ತರವನ್ನೇ ಕೊಡದೆ ತಮ್ಮ ಪುಟದಲ್ಲಿ ಬೇರೆ ಹೆಸರಿನಲ್ಲಿ ಹಾಕಿಕೊಂಡರು. ಪ್ರತಿ ಸಲ ಅವಳು ತಪ್ಪೇನೆಂದು ಹುಡುಕಿದಳು. ಪ್ರಯೋಗ ಕೆಟ್ಟರೆ ಕಾರಣವಿರಬೇಕು. ಇಲ್ಲಿ ಕಾರಣ ಹೇಳುವವರೇ ಇರಲಿಲ್ಲ.

ಕೊನೆಗೆ ಒಂದು ಜಾಲತಾಣದ ಸಂಪಾದಕಿ, ನಲ್ಲಿ ನೀರಿಗೆ ಔಷಧಿ ವಾಸನೆ ಏಕೆ ಬರುತ್ತದೆ ಎಂಬ ಲೇಖನವನ್ನು ತೆಗೆದುಕೊಂಡಳು. ಆ ಸಂಪಾದಕಿಯ ಮುಖವನ್ನು ಯಾರೂ ಕಂಡಿರಲಿಲ್ಲ. ಫೋನಿನಲ್ಲಿ ಅವಳ ಚಿತ್ರವಿರಬೇಕಾದ ಜಾಗದಲ್ಲಿ ಬೂದು ಬಣ್ಣದ ಬೆಕ್ಕೊಂದು ಆಕಳಿಸುತ್ತಿತ್ತು. ಮನೆಯಲ್ಲಿ ಅವಳಿಗೆ ಬೆಕ್ಕು ಎಂದೇ ಹೆಸರು ಬಿತ್ತು.

“ಬೆಕ್ಕು ದುಡ್ಡು ಕೊಡುತ್ತಂತಾ?” ಎಂದು ಅಮ್ಮ ಕೇಳಿದಳು.

“ಮೊದಲನೇದಕ್ಕೆ ಸ್ವಲ್ಪ. ಓದೋರು ಜಾಸ್ತಿ ಆದ್ರೆ ಪ್ರತಿ ವಾರ ಬರೆಯೋಕೆ ಹೇಳ್ತಾಳಂತೆ.”

“ಓದೋರು ತಾನೇ? ಅದು ನನಗೆ ಬಿಡು,” ಎಂದ ತಮ್ಮ. ಶಾಲೆಯ ಮಕ್ಕಳ ತಾಯಂದಿರ ಫೋನ್ ಗುಂಪಿಗೆ ಆಗಲೇ ಕಳಿಸಿದ. ‘ನಮ್ಮಕ್ಕ ಬರೆದಿದ್ದು. ಎಲ್ಲರೂ ಓದಿ. ಹೆಸರಿನ ಪಕ್ಕದ ಗಂಟೆ ಒತ್ತಿದ್ರೆ ಮುಂದೆ ಬರೆಯೋದೆಲ್ಲ ತಾನಾಗೇ ಬರುತ್ತೆ.’ ತಾಯಂದಿರು ಒತ್ತಿದರು. ತಮ್ಮ ಮಗುವಿನ ಬೂಟಿನ ದಾರ ಕಟ್ಟಿ ಇಳಿಸುವ ಡ್ರೈವರನ ಮಾತು ತೆಗೆದುಹಾಕುವುದು ಹೇಗೆ?

ಮುಂದಿನ ವಾರ ಬೆಕ್ಕು ಕರೆ ಮಾಡಿದಳು. ದನಿ ಎಳೆಯದು, ಅವಸರದ್ದು.

“ಮೇಡಂ, ನೀರಿನ ಲೇಖನ ಪರವಾಗಿಲ್ಲ. ಆದ್ರೆ ಅರ್ಧಕ್ಕೇ ಬಿಟ್ಟು ಹೋಗ್ತಿದ್ದಾರೆ. ಜನಕ್ಕೆ ಮಾಹಿತಿ ಬೇಡ, ಮನುಷ್ಯರು ಬೇಕು. ಮನೆಯೊಳಗಿನ ಅನುಭವ. ಕಾಯಿಲೆ, ಹೋರಾಟ, ಆ ಥರದ್ದು.”

“ನನ್ನ ಕ್ಷೇತ್ರ ರಸಾಯನಶಾಸ್ತ್ರ.”

“ಅಯ್ಯೋ, ಅದು ಗೊತ್ತು. ಆದ್ರೂ ನಿಮ್ಮನೇಲಿ ಯಾರಿಗೂ ಏನೂ ಆಗಿಲ್ವಾ ಮೇಡಂ?”

ಬಟ್ಟೆ ಅಂಗಡಿಯಲ್ಲಿ ಬೇರೆ ಬಣ್ಣ ಇಲ್ಲವಾ ಎಂದು ಕೇಳುವಷ್ಟು ಸಲೀಸಾಗಿತ್ತು ಆ ಪ್ರಶ್ನೆ. ಅವಳು ಇಲ್ಲ ಅನ್ನಬೇಕೆಂದುಕೊಂಡಳು. ಆದರೆ ಅದು ನಿಜವಾಗಿರಲಿಲ್ಲ.

“ಯೋಚನೆ ಮಾಡ್ತೀನಿ,” ಎಂದಳು.

ಯೋಚನೆ ಮಾಡಿದ್ದು ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ನೀರಿನ ಸೀಸೆ ಬಂದ ಕೂಡಲೇ ಬಾಗಿಲಲ್ಲೇ ಅದರ ಮೇಲಿನ ಊರಿನ ಹೆಸರು ತೆಗೆದು ಬರೀ ಒಂದು ಸಂಖ್ಯೆ ಅಂಟಿಸುತ್ತಿದ್ದರು. ಯಾವ ಬಡಾವಣೆಯದು, ಯಾರ ಬಾವಿಯದು ಎಂದು ಪರೀಕ್ಷೆ ಮಾಡುವವರಿಗೆ ಗೊತ್ತಾಗಬಾರದು. ಹೆಸರು ಹೋದರೆ ಆ ನೀರು ಯಾರದೂ ಅಲ್ಲ. ಆಮೇಲೆ ಅದರಲ್ಲಿ ಏನು ಕಂಡರೂ ನಿರ್ಭಯವಾಗಿ ಬರೆಯಬಹುದು, ಬರೆಯಲೇಬೇಕು. ಎಷ್ಟೋ ವರ್ಷ ಸಾವಿರಾರು ಸೀಸೆಗಳನ್ನು ಅವಳು ಹೀಗೆಯೇ ನೋಡಿದ್ದಳು. ಇದೂ ಹಾಗೆಯೇ ಆಗಬಹುದು ಎಂದುಕೊಂಡಳು. ಹೆಸರು ತೆಗೆಯುವುದು, ‘ತಮ್ಮ’ ಎನ್ನುವ ಬದಲು ‘ಹತ್ತಿರದವನೊಬ್ಬ’ ಎನ್ನುವುದು, ಶಾಲೆಯ ಮಾತೇ ಎತ್ತದಿರುವುದು. ಉಳಿದದ್ದು ಕಂಡದ್ದು. ಕಂಡದ್ದನ್ನು ತಿದ್ದಿದರೆ ಬರೆಯುವುದೇಕೆ?

ಅವನನ್ನು ಕೇಳದೆ ಬರೆಯುವುದು ಸರಿಯಲ್ಲವೆಂದೂ ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಕೆಳಗಿಳಿದು ಹೋದಳು. ಅವನು ಬೀದಿಯ ಅಂಚಿನಲ್ಲಿ ವ್ಯಾನು ತೊಳೆಯುತ್ತಿದ್ದ. ಪ್ಯಾಂಟು ಮೊಣಕಾಲಿಗೆ ಮಡಚಿತ್ತು, ಬಾಯಲ್ಲಿ ಯಾವುದೋ ಹಾಡು.

“ಲೇ, ನಿನ್ನ ಬಗ್ಗೆ ಬರೆದ್ರೆ ಬೇಜಾರಿಲ್ಲ ತಾನೇ?”

“ನನ್ನ ಬಗ್ಗೆನಾ? ಬರಿ ಬರಿ. ಸುಂದರ, ಗುಣವಂತ, ಸ್ವಂತ ಬಕೆಟ್ ಇದೆ. ಹುಡುಗಿ ಕಡೆಯೋರು ಕೂಡಲೇ ಸಂಪರ್ಕಿಸಿ.” ಅವಳ ಕಾಲಿಗೆ ನೀರು ಎರಚಿದ. “ಫೋಟೋ ಬೇಕಾದ್ರೆ ಈ ಕಡೆಯಿಂದ ತೆಗಿ, ಇದು ಚೆನ್ನಾಗಿದೆ.”

ಅವಳು ನಕ್ಕಳು. ಯಾವ ವಿಷಯ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ, ಒಪ್ಪಿದ ಎಂದು ತನಗೆ ತಾನೇ ಹೇಳಿಕೊಂಡಳು. ಮುಚ್ಚಳ ಸರಿಯಿಲ್ಲದ ಸೀಸೆ ಬಂದರೂ ವಾಪಸು ಕಳಿಸುತ್ತಿದ್ದವಳು ಅವಳು.

ಬರೆಯಲು ಕೂತರೆ ಕೈ ನಿಲ್ಲಲಿಲ್ಲ. ಇಷ್ಟು ದಿನ ಕಲ್ಲಿನ ಹಾಗಿದ್ದ ವಾಕ್ಯಗಳು ತಾವಾಗಿ ಬಂದವು. ರಸ್ತೆಯ ಉಬ್ಬು, ಖಾಲಿ ರಸ್ತೆ, ಈರುಳ್ಳಿ, ಟ್ರಾಫಿಕ್ ಪೊಲೀಸ್. ಈಗ ಅವನು ಹೇಗಿದ್ದಾನೆ ಎಂಬುದನ್ನೂ ಬರೆದಳು. ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಹಿಂಬದಿಯ ಎಡಚಕ್ರದ ಹತ್ತಿರ ಒಂದು ಗಳಿಗೆ ನಿಲ್ಲುತ್ತಾನೆ; ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಕೈಯ ಹಿಂಬದಿಯನ್ನು ಟೈರಿಗೆ ತಾಗಿಸುತ್ತಾನೆ; ಆಮೇಲೆ ಹತ್ತಿ ಕೂರುತ್ತಾನೆ. ಹಳೆಯ ಭಯದಲ್ಲಿ ಉಳಿದಿರುವುದು ಅಷ್ಟೇ. ಕಿಟಕಿಯಿಂದ ದಿನವೂ ನೋಡಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇಡೀ ಲೇಖನದಲ್ಲಿ ಅವಳಿಗೆ ತುಂಬ ಇಷ್ಟವಾದ ಸಾಲುಗಳು ಅವು. ಇಂಥವರಿಂದ ರಸ್ತೆಗೆ ಅಪಾಯವಿಲ್ಲ ಎಂಬ ವೈದ್ಯರ ಮಾತನ್ನು ಕೊನೆಯ ಪ್ಯಾರಾದಲ್ಲಿ ಇಟ್ಟಳು. ತೀರ್ಮಾನ ಕೊನೆಯಲ್ಲಿ ಬರಬೇಕಲ್ಲವೆ.

“ಏನು ಬರೀತಿದ್ದೀಯ ಇಷ್ಟೊಂದು?” ಎಂದು ಅಮ್ಮ ಕೇಳಿದಳು.

“ನೀನು ಈರುಳ್ಳಿ ಹೆಚ್ಚಿದ್ದು.”

ಅಮ್ಮ ಹತ್ತಿರ ಬಂದಳು. “ಅದನ್ನ್ಯಾಕೆ? ಅವನಿಗೆ ಹೇಳಿದ್ದೀಯಾ?”

“ಕೇಳಿದೆ. ಬರಿ ಅಂದ. ಹೆಸರು ಹಾಕಲ್ಲ ಅಮ್ಮ.”

“ನಿನ್ನ ಹೆಸರು?”

“ಅದು ಹಾಕಲೇಬೇಕು. ಬರೆದೋರು ಯಾರು ಅಂತ ಬೇಡ್ವಾ?”

“ನೀನು ಓದಿದವಳು. ನಿನಗೆ ಗೊತ್ತಿರುತ್ತೆ,” ಎಂದು ಅಮ್ಮ ಒಳಗೆ ಹೋದಳು.

ಅವಳು ಇಟ್ಟಿದ್ದ ತಲೆಬರಹ ‘ಉತ್ತರ ಕೊಡದ ಮನೆ’. ಬೆಕ್ಕು ಅದನ್ನು ‘ಕೊಂದೆನೆಂಬ ಭಯ, ಕೈಯಲ್ಲಿ ಸ್ಟೀರಿಂಗ್’ ಎಂದು ಬದಲಿಸಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೆಸರು ಬದಲಿಸಲಾಗಿದೆ’ ಎಂದಿತ್ತು. ಬದಲಿಸಲು ಹೆಸರೇ ಇರಲಿಲ್ಲ ಎಂದು ಅವಳು ತಿದ್ದಿ ಕಳಿಸಿದಳು. ಇರಲಿ ಮೇಡಂ, ಅದನ್ನು ನೋಡಿದರೆ ಓದುವವರಿಗೆ ನಿಜ ಅನಿಸುತ್ತದೆ ಎಂದು ಉತ್ತರ ಬಂತು.

ಲೇಖನ ಬೆಂಕಿ ಹತ್ತಿದ ಹಾಗೆ ಹರಡಿತು. ಬೆಕ್ಕು ಹೂವಿನ ಚಿತ್ರಗಳನ್ನು ಕಳಿಸಿದಳು. ಎಲ್ಲೆಲ್ಲಿಯವರೋ ‘ನಾನೇನು ಟ್ರಾಫಿಕ್ ಪೊಲೀಸಾ’ ಎಂದು ಬರೆದು ನಗುವ ಮುಖಗಳನ್ನು ಅಂಟಿಸಿದರು. ‘ಈ ಅಮ್ಮನಿಗೆ ಸಲಾಂ’ ಎಂದರು. ಅವಳ ಪರಿಚಯದ ಸಾಲು ಇನ್ನೂ ಖಾಲಿಯಿತ್ತು. ತಾಣದವರೇ ಅದನ್ನು ತುಂಬಿದರು. ‘ಮನೆಯ ನೋವನ್ನು ಮನಸ್ಸು ಬಿಚ್ಚಿ ಹಂಚಿಕೊಳ್ಳುವ ಲೇಖಕಿ.’ ಓದಿ ಅವಳಿಗೆ ಖುಷಿಯೂ ಮುಜುಗರವೂ ಆಯಿತು. ಸಂಜೆ ತಮ್ಮ ಬಂದಾಗ ತೋರಿಸಬೇಕು, ಕೂರಿಸಿಕೊಂಡು ತಾನೇ ಓದಿ ಹೇಳಬೇಕು ಎಂದುಕೊಂಡಳು. ತಾಯಂದಿರ ಫೋನುಗಳಲ್ಲಿ ಗಂಟೆ ಆಗಲೇ ಬಡಿದಿರುತ್ತದೆ ಎಂಬುದು ಅವಳಿಗೆ ನೆನಪಾಗಲಿಲ್ಲ.

ಸಂಜೆ ತಮ್ಮನ ಜೊತೆ ವ್ಯಾನಿನ ಮಾಲೀಕರೂ ಮೆಟ್ಟಿಲು ಹತ್ತಿ ಬಂದರು. ದಪ್ಪ ಮೈ, ಏದುಸಿರು, ಕೈಯಲ್ಲಿ ವ್ಯಾನಿನ ಕೀ. ಅದು ಅವರ ಕೈಯಲ್ಲಿರುವುದನ್ನು ಮೊದಲು ಕಂಡವಳು ಅಮ್ಮ.

“ಕೂತ್ಕೊಳ್ಳಿ. ಚಹಾ ಮಾಡ್ತೀನಿ.”

“ಬೇಡಮ್ಮ, ಬೇಡ.” ಅವರು ಲೇಖಕರ ಕುರ್ಚಿಯ ಅಂಚಿನಲ್ಲಿ ಕೂತರು. ಅವಳ ಕಡೆ ತಿರುಗಿ, “ನೀವೇ ಅಲ್ವಾ ಬರೆಯೋದು?” ಎಂದರು.

“ಹೌದು ಸರ್.”

“ಚೆನ್ನಾಗಿ ಬರೀತೀರ. ನನ್ನ ಹೆಂಡತಿ ಕಣ್ಣಲ್ಲಿ ನೀರು ಹಾಕ್ಕೊಂಡ್ಳು.” ಅವರು ಕೀಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ಮಧ್ಯಾಹ್ನ ಒಬ್ಬ ತಾಯಿ ಫೋನ್ ಮಾಡಿದ್ರು. ‘ದಿನಾ ಬೆಳಿಗ್ಗೆ ನಮ್ಮನೆ ಮುಂದೆ ಮಗೂನ ಹತ್ತಿಸಿದ ಮೇಲೆ ಹಿಂದಿನ ಚಕ್ರ ಮುಟ್ಟಿ ನೋಡೋದು ನಿಮ್ಮ ಡ್ರೈವರೇ ಅಲ್ವಾ’ ಅಂದ್ರು. ನಾನೇನು ಹೇಳ್ಲಿ? ಆಮೇಲೆ ಇನ್ನೊಬ್ಬರು ಮಾಡಿದ್ರು. ಆಮೇಲೆ ಶಾಲೆಯಿಂದಾನೇ ಬಂತು.”

“ಸರ್, ಅವನಿಂದ ಇವತ್ತಿನವರೆಗೂ ಒಂದು ಗೀರು ಬಿದ್ದಿಲ್ಲ. ಇಂಥವರಿಂದ ಅಪಾಯ ಇಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಅದನ್ನೂ ಬರೆದಿದ್ದೀನಿ, ಕೊನೇಲಿ.”

“ಕೊನೇ ತನಕ ಯಾರಮ್ಮ ಓದ್ತಾರೆ?”

ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿತ್ತು.

“ನನಗೆ ಇವನ ಮೇಲೆ ನಂಬಿಕೆ ಇದೆ,” ಎಂದರು ಮಾಲೀಕರು. “ನನ್ನ ಮೊಮ್ಮಗಳನ್ನೂ ಇವನ ವ್ಯಾನಲ್ಲೇ ಕಳಿಸ್ತೀನಿ. ಆದ್ರೆ ತಾಯಂದಿರಿಗೆ ನಾನು ಹೇಗೆ ನಂಬಿಕೆ ಕೊಡ್ಲಿ? ಹೇಳಿ. ಮೊದಲೇ ನನಗೆ ಒಂದು ಮಾತು ಹೇಳಬಹುದಿತ್ತು ನೀವು. ಹೇಳಲಿಲ್ಲ. ಈಗ ಲೋಕಕ್ಕೆಲ್ಲ ಹೇಳಿದ್ರಿ.”

ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ಮಾಲೀಕರು ಎದ್ದು ಅವನ ಭುಜ ತಟ್ಟಿ ಕೆಳಗಿಳಿದು ಹೋದರು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ವ್ಯಾನು ಶುರುವಾದ ಸದ್ದು ಬಂತು. ಯಾರೂ ಕಿಟಕಿಯ ಹತ್ತಿರ ಹೋಗಲಿಲ್ಲ.

“ಹೆಸರು ಹಾಕಲ್ಲ ಅಂದ್ಯಲ್ಲೇ,” ಎಂದಳು ಅಮ್ಮ. ದನಿ ಏರಿರಲಿಲ್ಲ.

“ಹಾಕಿಲ್ಲ ಅಮ್ಮ.”

“ಹಾಕಿಲ್ಲ. ಅವನ ಮೈಯಲ್ಲಿರೋ ಒಂದೊಂದು ಮಚ್ಚೆ ಬರ್ದಿದ್ದೀಯ, ಹೆಸರು ಮಾತ್ರ ಹಾಕಿಲ್ಲ. ದೊಡ್ಡ ಉಪಕಾರ.”

“ಬಿಡಮ್ಮ,” ಎಂದ ತಮ್ಮ. “ನನ್ನನ್ನ ಕೇಳಿದ್ಳು. ನಾನೇ ತಮಾಷೆ ಮಾಡಿದೆ.” ಅಮ್ಮನ ಕೋಪಕ್ಕಿಂತ ಇದು ಅವಳಿಗೆ ಹೆಚ್ಚು ತಗುಲಿತು. ಅವನು ಅವಳ ಹತ್ತಿರ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಏನನ್ನೋ ಲೆಕ್ಕ ಹಾಕುವವನ ಗೊಂದಲವಿತ್ತು.

“ಅಕ್ಕ, ಒಂದು ಕೇಳ್ಲಾ? ನಾನು ಚಕ್ರ ಮುಟ್ತೀನಾ?”

“ದಿನಾ.”

“ನಿಜವಾಗ್ಲೂ? ನನಗೇ ಗೊತ್ತಿರಲಿಲ್ಲ.” ಅವನು ತನ್ನ ಬಲಗೈ ತಿರುಗಿಸಿ ನೋಡಿಕೊಂಡ. “ವಾಸಿಯಾಗಿದೆ ಅಂದ್ಕೊಂಡಿದ್ದೆ.”

ಹಳೆಯ ಪ್ರಯೋಗಾಲಯದಲ್ಲಿ ಹೊಸಬರಿಗೆ ಮೊದಲ ದಿನ ಹೇಳುವ ಮಾತೊಂದಿತ್ತು. ಸಣ್ಣ ಬಟ್ಟಲಿನ ಬಿಸಿನೀರಿಗೆ ದೊಡ್ಡ ಥರ್ಮಾಮೀಟರ್ ಅದ್ದಬೇಡಿ. ಗಾಜು ನೀರಿನ ಬಿಸಿಯನ್ನು ತಾನೇ ಹೀರಿಕೊಳ್ಳುತ್ತದೆ. ನೀವು ಓದುವುದು ನೀವೇ ತಣ್ಣಗೆ ಮಾಡಿದ ನೀರಿನ ಅಳತೆಯನ್ನು. ಅವಳು ಅದನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದಳು.

ಮರುದಿನ ಬೆಕ್ಕಿಗೆ ಫೋನ್ ಮಾಡಿದಳು. “ಲೇಖನ ತೆಗೆದುಬಿಡಿ. ದುಡ್ಡು ಬೇಡ ನನಗೆ.”

“ಮೇಡಂ, ಒಪ್ಪಿಗೆ ಕೊಟ್ಟ ಮೇಲೆ ಅದು ತಾಣದ್ದು. ಬೇಕಾದ್ರೆ ನಿಮ್ಮ ಹೆಸರು ತೆಗೀತೀನಿ. ಆದ್ರೆ ಏನು ಉಪಯೋಗ? ಅವರಿವರು ಆಗಲೇ ಎತ್ತಿ ಹಾಕ್ಕೊಂಡಿದ್ದಾರೆ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಏನಾಯ್ತು ಮೇಡಂ?”

ಅವಳು ಹೇಳಿದಳು.

“ಛೆ. ನಂಗೆ ತುಂಬಾ ಬೇಜಾರಾಗ್ತಿದೆ ಮೇಡಂ,” ಎಂದಳು ಬೆಕ್ಕು. ಅದು ನಾಟಕವಾಗಿರಲಿಲ್ಲ. ಅದರ ಬೆನ್ನಿಗೇ ಸೇರಿಸಿದಳು: “ಇದನ್ನೇ ಬರೀರಿ. ಸಮಾಜ ಹೇಗೆ ಕೆಲಸ ಕಿತ್ತುಕೊಳ್ತು ಅಂತ. ಓದುಗರು ಮುಂದೇನಾಯ್ತು ಅಂತ ಕೇಳ್ತಾನೇ ಇದ್ದಾರೆ.”

ಅವಳು ಫೋನ್ ಇಟ್ಟಳು.

ಕೆಲವು ದಿನ ತಮ್ಮ ಮನೆಯಲ್ಲೇ ಇದ್ದ. ಅಮ್ಮನಿಗೆ ತರಕಾರಿ ತಂದುಕೊಟ್ಟ, ಸೋರುವ ನಲ್ಲಿ ಸರಿಮಾಡಿದ. ಬಾಗಿಲು ದಾಟುವಾಗ, ಕುರ್ಚಿ ಎಳೆಯುವಾಗ, ಅವನು ತನ್ನ ಕೈ ಏನು ಮಾಡುತ್ತಿದೆ ಎಂದು ನೋಡಿಕೊಳ್ಳುತ್ತಿದ್ದ. ಮೊದಲು ಗೊತ್ತಿಲ್ಲದೆ ಮಾಡುತ್ತಿದ್ದುದನ್ನು ಈಗ ತಡೆಯುತ್ತಿದ್ದ, ತಡೆದೆನೇ ಎಂದು ಮತ್ತೆ ನೋಡುತ್ತಿದ್ದ. ಆಮೇಲೆ ಸಂಜೆ ಹೊತ್ತು ಒಬ್ಬನೇ ನಡೆದು ಹೋಗತೊಡಗಿದ. ಎಲ್ಲಿಗೆ ಎಂದು ಕೇಳಿದರೆ ಸುಮ್ಮನೆ ಅನ್ನುತ್ತಿದ್ದ. ವ್ಯಾನಿನ ಕೊನೆಯ ಟ್ರಿಪ್ಪಿನ ದಾರಿಯಲ್ಲಿ ನಡೆಯುತ್ತಾನೆ, ಒಂದೊಂದು ಉಬ್ಬಿನ ಹತ್ತಿರವೂ ನಿಲ್ಲುತ್ತಾನೆ ಎಂದು ಕೆಳಗಿನ ದರ್ಜಿ ಹೇಳಿದ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಶ್ನೆ ಬಂತು.

“ಆ ಕೊನೇ ದಿನ ಏನೂ ಆಗಿಲ್ಲ ಅಲ್ವಾ?”

ಅಮ್ಮನ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ಅಕ್ಕ ತಟ್ಟೆಯಿಂದ ತಲೆ ಎತ್ತಿ ಅಮ್ಮನನ್ನು ನೋಡಿದಳು. ಹೇಳಬೇಕಾದ ಮಾತು ಇಬ್ಬರಿಗೂ ಬಾಯಿಪಾಠವಾಗಿತ್ತು. ಅಮ್ಮ ಬಾಯಿ ತೆರೆದಳು, “ನಾನೇನು” ಎಂದಳು. ಅಷ್ಟರಲ್ಲಿ ತಮ್ಮ ತಲೆ ತಗ್ಗಿಸಿದ.

“ಅದು ಬೇಡಮ್ಮ. ಬೀದೀಲಿ ಎಲ್ರೂ ಅದನ್ನೇ ಅಂತಾರೆ. ದರ್ಜಿ ಕೂಡ. ಪ್ರೀತಿಯಿಂದಾನೇ ಅಂತಾನೆ, ನಗ್ತಾ. ಶಾಲೆ ಗೇಟಿನ ಹತ್ರ ಹೋಗಿದ್ದೆ, ಮಕ್ಕಳು ಸೆಲ್ಯೂಟ್ ಹೊಡೆದ್ರು.”

ಅಮ್ಮ ಸೌಟು ಕೆಳಗಿಟ್ಟಳು. ಬೇರೆ ಮಾತು ಹುಡುಕಿದಳು, ಸಿಗಲಿಲ್ಲ. ಆ ಒಂದು ಮಾತು ಒಂದು ಸಲ ಈರುಳ್ಳಿಯ ಉರಿಯಲ್ಲಿ ತಾನಾಗಿ ಬಂದದ್ದು. ಬೇಕೆಂದಾಗ ಇನ್ನೊಂದನ್ನು ಮಾಡಿಕೊಳ್ಳುವುದು ಸಾಧ್ಯವಿರಲಿಲ್ಲ.

ವೈದ್ಯರು ಮಾತ್ರೆ ಹೆಚ್ಚಿಸಿದರು. ನಿಯಮ ಅದೇ, ಉತ್ತರ ಕೊಡಬೇಡಿ ಅಂದರು. ಮತ್ತೆ ಮೊದಲಿಂದ ಶುರುಮಾಡೋಣ, ಈ ಸಲ ಸ್ವಲ್ಪ ಹೆಚ್ಚು ಕಾಲ ಹಿಡೀಬಹುದು ಎಂದರು. ಹೊರಡುವಾಗ ಅವಳನ್ನು ಒಂದು ಕ್ಷಣ ನಿಲ್ಲಿಸಿ, ಲೇಖನ ಓದಿದೆ, ನಿಖರವಾಗಿದೆ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ತಮ್ಮ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು. ಅವನು ಬೇಡ ಅನ್ನಲಿಲ್ಲ. ಶಾಲೆಯ ದಾರಿ ಹಿಡಿದು ಇಬ್ಬರೂ ನಡೆದರು. ಸೈಕಲ್ ರಿಪೇರಿ ಅಂಗಡಿ, ಹಾಲಿನ ಬೂತು, ಬಣ್ಣ ಹೋದ ಗೋಡೆ. ತಿರುವಿನ ಹತ್ತಿರ ಡಾಂಬರು ಎದ್ದು ಉಬ್ಬಾಗಿತ್ತು. ಮಕ್ಕಳು ಅಲ್ಲಿ ವ್ಯಾನು ಹಾರಿದಾಗ ಒಟ್ಟಿಗೆ ಕೂಗುತ್ತಿದ್ದರಂತೆ. ಅದಕ್ಕೇ ಅವನು ತುಸು ವೇಗವಾಗಿ ದಾಟಿಸುತ್ತಿದ್ದನಂತೆ, ಅವರ ಖುಷಿಗೆ. ಇದು ಅವಳಿಗೆ ಗೊತ್ತಿರಲಿಲ್ಲ.

ಅವನು ಉಬ್ಬಿನ ಈ ಕಡೆ ನಿಂತ, ಆ ಕಡೆ ಹೋಗಿ ನಿಂತ, ಬಗ್ಗಿ ಚರಂಡಿ ನೋಡಿದ. ಒಣಗಿದ ಎಲೆ, ಒಂದು ಬಾಟಲಿಯ ಮುಚ್ಚಳ. ಹೋಗಿಬರುವವರು ಸುತ್ತಿ ಹೋದರು. ಸೈಕಲ್ಲಿನವನೊಬ್ಬ ತಿರುತಿರುಗಿ ನೋಡಿದ.

“ಏನೂ ಇಲ್ಲ ಅಲ್ವಾ ಅಕ್ಕ?”

ಅವಳು ಉತ್ತರ ಕೊಡಲಿಲ್ಲ. ನಿಯಮದ ಪ್ರಕಾರ ರಸ್ತೆಯ ಆಚೆ ನೋಡುತ್ತ ನಿಂತಳು.

“ಅಕ್ಕ. ನೋಡಿ ಹೇಳು. ಏನೂ ಇಲ್ಲ ಅಲ್ವಾ?”

ಅವಳು ಸೆರಗು ಬಿಗಿ ಹಿಡಿದಳು. ಅವನು ಎದುರಿಗೆ ಬಂದು ನಿಂತ. ಹಣೆಯಲ್ಲಿ ಬೆವರಿತ್ತು. ಇಷ್ಟು ದಿನದಲ್ಲಿ ಮೊದಲ ಸಲ ಅವನ ದನಿ ಒಡೆಯಿತು.

“ಕೇಳದೇ ಇದ್ದಾಗ ಅಷ್ಟುದ್ದ ಬರೀತೀಯ. ಕೇಳಿದ್ರೆ ಒಂದು ಮಾತು ಹೇಳಲ್ಲ.”

ವೈದ್ಯರ ಮಾತು ಅವಳಿಗೆ ನೆನಪಿತ್ತು. ತುತ್ತು ಯಾರ ಬಾಯಿಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಅವಳು ಬಗ್ಗಿದಳು. ಉಬ್ಬನ್ನು ನೋಡಿದಳು, ಚರಂಡಿಯನ್ನು ನೋಡಿದಳು, ಎಲೆಗಳನ್ನು ಕೈಯಿಂದ ಸರಿಸಿ ಕೆಳಗೆ ನೋಡಿದಳು.

“ಏನೂ ಇಲ್ಲ,” ಎಂದಳು.

ಅವನ ಭುಜ ಇಳಿಯಿತು. ಉಸಿರು ಬಿಟ್ಟ. ಚಿಕ್ಕಂದಿನ ಹಾಗೆ ಅವಳ ಕೈ ಹಿಡಿದುಕೊಂಡ. ಇಬ್ಬರೂ ಮನೆಯ ಕಡೆ ತಿರುಗಿದರು. ಹಾಲಿನ ಬೂತಿನವರೆಗೆ ಅವನು ಸುಮ್ಮನಿದ್ದ. ಅಲ್ಲಿ ಅವನ ಹೆಜ್ಜೆ ನಿಧಾನವಾಯಿತು.

“ಸರಿಯಾಗಿ ನೋಡಿದ್ಯಾ?” ಎಂದ.

ಅವಳು ಅವನ ಜೊತೆ ಮತ್ತೆ ತಿರುವಿನ ಕಡೆಗೆ ನಡೆದಳು.